ಸರದಿ ಯಾರದು?

ಕೋರಮಂಡಲ್ ನಿಲ್ದಾಣದಲ್ಲಿ ಮುಂಜಾನೆಯ ರೈಲು ಹಿಡಿಯಬೇಕಾದರೆ ಆ ಲೈನ್ ಮನೆಯ ದೀಪ ನಾಲ್ಕಕ್ಕೇ ಹೊತ್ತಬೇಕು. ತಾಯಿ ನೀರು ತುಂಬಿ, ಬಾಗಿಲು ಗುಡಿಸಿ, ಮಗಳಿಗೆ ಬುತ್ತಿ ಕಟ್ಟುತ್ತಾಳೆ. ಮಗಳು ಬಂಗಾರಪೇಟೆಯ ಮೇಲೆ ಬೆಂಗಳೂರಿನ ಕಾಲೇಜು ಸೇರುತ್ತಾಳೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಊರಿನ ಎಷ್ಟೋ ಮನೆಗಳು ಈ ರೈಲನ್ನೇ ನಂಬಿವೆ.

ಹುಡುಗಿಗೆ ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ ಮತ್ತು ಇಂಗ್ಲಿಷ್. ಈಗ ಸ್ಪ್ಯಾನಿಷ್ ಸೇರಿದೆ. ಇಪ್ಪತ್ತು ದೇಶಗಳ ಅಧಿಕೃತ ಭಾಷೆ, ಕಲಿತರೆ ಕೆಲಸ ಸಿಕ್ಕೀತೆಂಬ ಆಸೆ. ಆ ವಾರದ ಪಾಠ ಮನೆಗೆಲಸ. 'ಲಾವಾರ್ ಲೋಸ್ ಪ್ಲಾತೋಸ್' ಎಂದರೆ ಪಾತ್ರೆ ತೊಳೆಯುವುದು. 'ಬಾರ್ರೇರ್ ಎಲ್ ಸ್ವೇಲೋ' ಎಂದರೆ ನೆಲ ಗುಡಿಸುವುದು. ಅಲಮಾರಿಗೆ 'ಅರ್ಮಾರಿಯೋ'. ಅಲಮಾರಿ ಕನ್ನಡಕ್ಕೆ ಬಂದದ್ದು ಪೋರ್ಚುಗೀಸರಿಂದ. ಸ್ಪ್ಯಾನಿಷ್ ಆ ಭಾಷೆಯ ಒಡಹುಟ್ಟು. "ದೂರದ ನೆಂಟಸ್ತಿಕೆ ಇದೆ ಬಿಡು," ಎಂದುಕೊಂಡಳು.

ಮೂಲೆಯಲ್ಲಿ ಕುಳಿತ ಪಾಟಿಗೂ ಇಂಥ ಪಾಠ ಹೊಸದಲ್ಲ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬರುವ ಮುಂಚೆ, ಚಿಕ್ಕ ಹುಡುಗಿಯಾಗಿ ದೊರೆಗಳ ಬಂಗಲೆಯಲ್ಲಿ ಕೆಲಸಕ್ಕಿದ್ದವಳು. 'ಕ್ಲೀನ್ ದ ಟೇಬಲ್', 'ಬ್ರಿಂಗ್ ವಾಟರ್', 'ಶಟ್ ದ ಡೋರ್'. ಅವಳ ಇಂಗ್ಲಿಷೆಲ್ಲ ಅಪ್ಪಣೆಯೇ. ತಿರುಗಿ ಹೇಳಲು ಇದ್ದದ್ದು ಒಂದೇ ಮಾತು: 'ಎಸ್ ಮೇಡಂ'.

"ಅದೇನು ಕಣ್ಣು, ಅಷ್ಟು ಸಲ ಹೇಳ್ತಿದ್ದೀಯ?"

"'ಮೇ ತೋಕಾ' ಅಂದರೆ ಈ ಸಲ ಸರದಿ ನನ್ನದು ಅಂತ, ಪಾಟಿ. 'ತೇ ತೋಕಾ' ಅಂದರೆ ನಿನ್ನದು."

"ಮನೆಗೆಲಸಕ್ಕೂ ಸರದಿ ಇರುತ್ತಾ?" ಪಾಟಿ ಬೊಚ್ಚುಬಾಯಿ ತೆರೆದು ನಕ್ಕಳು.

ಹಿತ್ತಲಲ್ಲಿ ಪಾತ್ರೆಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಕೇಳಿಸಿತು. ಹುಡುಗಿ ನೆನಪು ಮಾಡಿಕೊಂಡಳು. ಈ ಮನೆಯಲ್ಲಿ ಅಷ್ಟು ಭಾಷೆ ಇದ್ದರೂ ಆ ಒಂದು ಮಾತನ್ನು ಯಾವುದರಲ್ಲೂ ಯಾರೂ ಆಡಿದ್ದಿಲ್ಲ. ನಾಲ್ಕಕ್ಕೆ ದೀಪ ಹೊತ್ತಿಸಿದ ಕೈಯೇ ರಾತ್ರಿ ಒಂಬತ್ತಕ್ಕೂ ಪಾತ್ರೆ ಉಜ್ಜುತ್ತಿತ್ತು.

ಪುಸ್ತಕ ಮುಚ್ಚಿ ಹಿತ್ತಲಿಗೆ ಹೋದಳು. "ಏಳಮ್ಮಾ, ಮೇ ತೋಕಾ," ಎಂದು ತಾಯಿಯ ಕೈಯಿಂದ ನಾರು ಕಿತ್ತುಕೊಂಡಳು. ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, ಏನು ಮಾಡಬೇಕೆಂದು ತೋಚದೆ ಅಲ್ಲೇ ನಿಂತಳು.

ಒಳಗೆ ತಮ್ಮ ಮಂಚದ ಮೇಲೆ ಉರುಳಿಕೊಂಡು ಫೋನು ನೋಡುತ್ತಿದ್ದ. ಪಾಟಿ ಮೂಲೆಯ ಪೊರಕೆಯನ್ನು ಮೆಲ್ಲಗೆ ಎಳೆದು ಅವನ ಮುಂದೆ ಹಿಡಿದಳು.

"ತೇ ತೋಕಾ!"