ಕಲೆಯನ್ನು ಕಳೆಯುವ ಕಲೆ

ಕನ್ನಡದಲ್ಲಿ 'ಕಲೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಸಂಸ್ಕೃತದಿಂದ ಬಂದ ಕಲೆಯು ಕುಶಲವಿದ್ಯೆ. ಅಚ್ಚಗನ್ನಡದ ಕಲೆಯು ಅರಿವೆಗೆ ಹತ್ತಿದ ಕರೆ. ಮೊದಲನೆಯದನ್ನು ಗಳಿಸಲು ಜನ್ಮವೆಲ್ಲ ಬೇಕು. ಎರಡನೆಯದಕ್ಕೆ ಒಂದು ನಿಮಿಷ ಸಾಕು. ಆದರೆ ಎರಡನೆಯದನ್ನು ಕಳೆಯಬೇಕಾದರೆ ಮೊದಲನೆಯದು ಬೇಕೇ ಬೇಕು. ಅದಿಲ್ಲದವರ ಕೈಯಲ್ಲಿ ಕಲೆ ಹೋಗುವ ಮೊದಲು ಅರಿವೆಯೇ ಹೋಗುವದು.

ಜೇವರ್ಗಿಯ ಸೀಮೆಯಲ್ಲಿ ಈ ಮಾತಿನ ಅನುಭವವು ಮನೆಮನೆಗೂ ಉಂಟು. ಭೀಮೆಯ ದಂಡೆಯ ಎರೆಯ ನೆಲ. ಮಳೆ ಬಿದ್ದರೆ ಆ ಮಣ್ಣು ಅರಗಿನಂತೆ ಅಂಟುವದು. ಜೋಳ, ತೊಗರಿಯ ಹೊಲದಿಂದ ಮನೆಗೆ ಬಂದವನ ಧೋತರದ ಅಂಚು ಕರ್ರಗಾಗದೆ ಇರುವದುಂಟೆ? ಮನೆಯಾಕೆಯು ಅವಸರದಿಂದ ಹಸಿ ಕೆಸರನ್ನೇ ತಿಕ್ಕಿದರೆ ಎರೆಯ ನುಣ್ಣನೆಯ ಕಣಗಳು ನೂಲಿನ ಒಳಹೊಕ್ಕು ಕೂಡುವವು. ಚಿಮ್ಮಿದ ಕೆಸರು ಮೊದಲು ಒಣಗಬೇಕು. ಆ ಮೇಲೆ ಅದನ್ನು ಕೊಡವಿ ತಣ್ಣೀರು ಕಾಣಿಸಬೇಕು. ಇಲ್ಲಿ ತಾಳ್ಮೆಯೇ ಸಾಬೂನು.

ಈ ವಿದ್ಯೆಯ ಆಚಾರ್ಯರು ಮಡಿವಾಳರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಅರಿವೆಗಳನ್ನು ಮಡಿಮಾಡಿದನೆಂದು ಹೆಸರಾದ ಮಾಚಿದೇವನ ಊರು ದೇವರಹಿಪ್ಪರಗಿ. ಸಿಂದಗಿಯನ್ನು ದಾಟಿದರೆ ಅದು ಜೇವರ್ಗಿಗೆ ಬಹು ದೂರವಲ್ಲ. ಸಾಬೂನು ಊರೂರಿಗೆ ಬರುವ ಮೊದಲು ಮಡಿವಾಳನು ಚೌಳು ಮಣ್ಣಿನ ನೀರಿನಲ್ಲಿ ಅರಿವೆಯನ್ನು ಅದ್ದಿ, ಉಬ್ಬೆಗೆ ಹಾಕಿ, ಹಬೆಯಲ್ಲಿ ಬೇಯಿಸಿ, ಬಂಡೆಯ ಮೇಲೆ ಒಗೆದು, ಬಿಸಿಲಿಗೆ ಹರವುತ್ತಿದ್ದನು. ಚೌಳಿನ ಕ್ಷಾರವು ಜಿಡ್ಡನ್ನು ಬಿಡಿಸುವದು. ಉಳಿದುದನ್ನು ಬಿಸಿಲು ತಿನ್ನುವದು. ಆದರೆ ರೇಶಿಮೆ, ಉಣ್ಣೆಗಳಿಗೆ ಆ ಉಪಚಾರ ಸಲ್ಲದು. ಅವಕ್ಕೆ ಅಂಟವಾಳದ ನೊರೆ. ಹತ್ತಿಯು ಗಿಡದ ಮಗಳು, ಕ್ಷಾರವನ್ನು ತಾಳುವಳು. ರೇಶಿಮೆ, ಉಣ್ಣೆಗಳು ಜೀವಜಂತುಗಳಿಂದ ಬಂದವು, ತೀಕ್ಷ್ಣವಾದ ಕ್ಷಾರದಲ್ಲಿ ಕರಗಿಯೇ ಹೋಗುವವು. ಇದರ ಶಾಸ್ತ್ರವನ್ನು ಓದದೆಯೇ ಮಡಿವಾಳನ ಕೈ ಇದನ್ನು ಅರಿತಿತ್ತು.

ಇಳಕಲ್ಲಿನ ಸೀರೆಯನ್ನೇ ನೋಡಿರಿ. ಅದರ ಒಡಲು ಬಹುಸಾರಿ ಹತ್ತಿಯದು, ಸೆರಗು ರೇಶಿಮೆಯದು. ಒಡಲಿಗೆ ಹಿತವಾದುದು ಸೆರಗಿಗೆ ವಿಷ. ಆದುದರಿಂದ ಯಾವ ಮದ್ದನ್ನಾಗಲಿ ಒಳಮಡಿಕೆಯ ಒಂದು ಮೂಲೆಗೆ ಹಚ್ಚಿ, ಬಣ್ಣ ಬಿಡುವದೋ ಇಲ್ಲವೋ ನೋಡಿ, ಆ ಮೇಲೆ ಕಲೆಯ ಕಡೆಗೆ ಕೈ ನೀಡುವದು ಜಾಣತನ.

ಅರಿವೆಯಂತೆ ಕಲೆಗಳಿಗೂ ಬೇರೆ ಬೇರೆ ಸ್ವಭಾವಗಳುಂಟು. ರಕ್ತಕ್ಕೆ ತಣ್ಣೀರೇ ಬೇಕು. ಬಿಸಿನೀರು ತಗಲಿದರೆ ಅದು ಬೆಂದ ತತ್ತಿಯ ಬಿಳಿಯಂತೆ ಹೆಪ್ಪುಗಟ್ಟಿ ನೂಲನ್ನು ಹಿಡಿಯುವದು. ಎಣ್ಣೆಗೆ ಇದರ ವಿರುದ್ಧ: ಒಣ ಹಿಟ್ಟನ್ನು ಉದುರಿಸಿ ಜಿಡ್ಡನ್ನು ಹೀರಿಸಿ, ಉಗುರುಬೆಚ್ಚಗಿನ ನೀರು, ಸಾಬೂನುಗಳಿಂದ ತೊಳೆಯಬೇಕು. ಚಹ, ಅಡಿಕೆಗಳ ಕಲೆಯಲ್ಲಿ ಒಗರಿನ ಸತ್ವವಿರುವದು. ಅಣಲೆಕಾಯಿಯ ಒಗರಿಗೆ ಕಬ್ಬಿಣ ಸೇರಿದರೆ ಮಸಿಯಾಗುವದಷ್ಟೆ? ಹಾಗೆಯೇ ಇಂಥ ಅರಿವೆಯನ್ನು ತುಕ್ಕು ಹಿಡಿದ ಬಕೀಟಿನಲ್ಲಿ ನೆನೆಯಿಟ್ಟರೆ ಕೆಂಪು ಕಲೆಯು ಕಪ್ಪಾಗುವದು.

ಅರಿಸಿನದ ಕಲೆಯಂತೂ ಗೃಹಿಣಿಯನ್ನು ಬೆಚ್ಚಿಬೀಳಿಸುವದರಲ್ಲಿ ನಿಪುಣ. ಸಾಬೂನು ಹಚ್ಚಿದೊಡನೆ ಹಳದಿಯು ಕೆಂಪಾಗಿ ನಿಲ್ಲುವದು. ಆಕೆ ಗಾಬರಿಯಿಂದ ಮತ್ತಷ್ಟು ಸಾಬೂನು ತಿಕ್ಕುವಳು, ಕೆಂಪು ಮತ್ತಷ್ಟು ಗಾಢವಾಗುವದು. ಅರಿಸಿನಕ್ಕೆ ಸುಣ್ಣ ಬೆರೆತು ಕುಂಕುಮದ ಬಣ್ಣವಾಗುವ ಧರ್ಮವೇ ಇದು, ಭಯಕ್ಕೆ ಕಾರಣವಿಲ್ಲ. ಚೆನ್ನಾಗಿ ಜಾಲಿಸಿ, ಬಿಳಿಯ ಅರಿವೆಯಾದರೆ ಬಿಸಿಲಿಗೆ ಹಾಕಿದರಾಯಿತು. ಬೇಸಿಗೆಯಲ್ಲಿ ಜನರನ್ನು ಕಾಡುವ ಜೇವರ್ಗಿಯ ಬಿಸಿಲು ಈ ಒಂದು ಕೆಲಸದಲ್ಲಿ ಪರಮೋಪಕಾರಿ.

ಕಾಯುವ ತಾಳ್ಮೆಯಿಲ್ಲದವರಿಗಾಗಿ ಚೆಲುವೆಪುಡಿ ಹುಟ್ಟಿತು. ಯುರೋಪಿನಲ್ಲಿ ಮೊದಲು ನಾರುಬಟ್ಟೆಯನ್ನು ಹುಲ್ಲಿನ ಮೇಲೆ ತಿಂಗಳುಗಟ್ಟಲೆ ಹರವಿ ಬಿಳಿಮಾಡುತ್ತಿದ್ದರು. 1799ರಲ್ಲಿ ಸ್ಕಾಟ್ಲಂಡಿನ ಚಾರ್ಲ್ಸ್ ಟೆನಂಟನು ಬ್ಲೀಚಿಂಗ್ ಪೌಡರಿನ ಹಕ್ಕುಪತ್ರವನ್ನು ಪಡೆದ ಮೇಲೆ ಆ ಕಾಲವು ಬಹಳ ಕಡಿಮೆಯಾಯಿತು. ಆದರೆ ಈ ಪುಡಿಯು ರೇಶಿಮೆ, ಉಣ್ಣೆಗಳನ್ನು ಕೆಡಿಸುವದು, ಬಣ್ಣವನ್ನು ನುಂಗುವದು. ಅದಕ್ಕಿಂತ ಘೋರವಾದ ಸಂಗತಿ ಇನ್ನೊಂದುಂಟು. ಬೇಗ ಕೆಲಸವಾಗಲೆಂದು ಇದಕ್ಕೆ ಲಿಂಬೆಯ ಹುಳಿಯನ್ನೋ ಪಾಯಿಖಾನೆ ತೊಳೆಯುವ ಆಮ್ಲವನ್ನೋ ಬೆರೆಸಿದರೆ ಕ್ಲೋರಿನ್ ವಾಯು ಹೊರಡುವದು. 1915ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಸೈನಿಕರ ಉಸಿರು ಕಟ್ಟಿಸಿದ ವಾಯು ಇದೇ. ಮುಚ್ಚಿದ ಬಚ್ಚಲುಮನೆಯಲ್ಲಿ ಒಂದು ಅಂಗಿಯ ಕಲೆಗಾಗಿ ಆ ಯುದ್ಧವನ್ನು ಹೂಡಬೇಕೆ? ಜಿಡ್ಡು ತೆಗೆಯಲು ಪೆಟ್ರೋಲು, ಚಿಮಣಿ ಎಣ್ಣೆಗಳನ್ನು ಬಳಸುವವರೂ ಒಲೆಯನ್ನು ನೆನೆಯಬೇಕು. ಬೆಂಕಿಯು ಕಲೆಯನ್ನಷ್ಟೇ ಆರಿಸಿ ಸುಡಲಾರದು.

2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ನೀರು ಹೊಕ್ಕಿತು. ಅಂಥ ಹೊತ್ತಿನಲ್ಲಿ ಕೌದಿ, ಧೋತರ, ಸೀರೆಗಳನ್ನು ಉಳಿಸಿಕೊಳ್ಳುವದು ಅಂದದ ಮಾತಲ್ಲ, ಬಾಳಿನ ಮಾತು. ಕೆಸರು ಒಣಗಲೆಂಬ ನಿಯಮವು ಅಲ್ಲಿ ಸಲ್ಲದು. ನೆನೆದುದನ್ನು ಮುದ್ದೆಯಾಗಿ ಬಿಟ್ಟರೆ ಬೂಸು ಹತ್ತಿ ನೂಲು ಕೊಳೆಯುವದು. ಒಳ್ಳೆಯ ನೀರಿನಲ್ಲಿ ಬೇಗನೆ ಜಾಲಿಸಿ, ಹತ್ತಿಯದನ್ನು ಕುದಿಸಿ, ಗಾಳಿ ಬಿಸಿಲಿಗೆ ಬಿಡಿಸಿ ಹಾಕಬೇಕು. ಶಾಸ್ತ್ರವು ಒಂದೇ, ಸಂದರ್ಭ ನೋಡಿ ನಡೆಯುವದು ಕಲೆ.

ಎಷ್ಟು ಮಾಡಿದರೂ ಕೆಲವು ಕಲೆಗಳು ಹೋಗುವದಿಲ್ಲ. ಮದುವೆಯ ಸೀರೆಯ ಮೇಲೆ ಅಂದಿನ ಅರಿಸಿನದ ಒಂದು ಬೊಟ್ಟು ಉಳಿದುಕೊಂಡರೆ, ಹಟದಿಂದ ತಿಕ್ಕಿ ಸೀರೆಯನ್ನು ಹರಿಯುವದಕ್ಕಿಂತ, ಆ ಬೊಟ್ಟನ್ನು ನೆರಿಗೆಯ ಒಳಗೆ ಮಡಿಸಿ ಉಡುವದು ಲೇಸು. ಚಂದ್ರನಿಗೂ ಕಲೆಯುಂಟು, ಬೆಳುದಿಂಗಳಿಗೆ ಅದರಿಂದ ಕೊರತೆಯಾದಂತೆ ಕಾಣುವದಿಲ್ಲ.