ಹೊಳೆಯಾಚೆಯ ಫಂಕ್ಷನ್

ಎಲ್ಲೋ ದೂರದ ಸರ್ವರ್‌ನಲ್ಲಿರುವ ಫಂಕ್ಷನ್ನು ಪಕ್ಕದಲ್ಲೇ ಇದ್ದಂತೆ ಹೆಸರು ಹಿಡಿದು ಕರೆದರೆ ಓಗೊಡಬೇಕು. ನಡುವೆ ನಿಂತು ಅದನ್ನು ಸಾಧಿಸುವ ಪ್ರಾಕ್ಸಿಯನ್ನು ಬರೆಯುವುದೆಂದರೆ ನನಗೆ ಹುಚ್ಚು. 2015ರಲ್ಲಿ ಗೂಗಲ್ ಎಲ್ಲರಿಗೂ ಬಿಟ್ಟುಕೊಟ್ಟ ಜಿಆರ್‌ಪಿಸಿಯಂಥ ಸಾಧನಗಳಿದ್ದರೆ ಇದನ್ನೆಲ್ಲ ಯಂತ್ರವೇ ಬರೆದುಕೊಡುತ್ತದೆ, ನಿಜ. ಆದರೂ ಟೈಪ್‌ಸ್ಕ್ರಿಪ್ಟ್‌ನಲ್ಲಿ ಕೈಯಾರೆ ಬರೆಯುವ ಸುಖವೇ ಬೇರೆ.

ಇಪ್ಪತ್ತು ಸಾಲೂ ಆಗದು. ಯಾವ ಫಂಕ್ಷನ್, ಏನು ಕೊಡಬೇಕು, ಏನು ಬರುತ್ತದೆ ಎಂಬುದಕ್ಕೆ ಒಂದು ಇಂಟರ್‌ಫೇಸ್. ಕೆಳಗೆ ಜಾವಾಸ್ಕ್ರಿಪ್ಟ್‌ನ ಪ್ರಾಕ್ಸಿ. ಯಾವ ಹೆಸರು ಕೇಳಿದರೂ ಅದು ಒಂದು ಫಂಕ್ಷನ್ ಕೈಗಿಡುತ್ತದೆ; ಆ ಫಂಕ್ಷನ್ ಹೆಸರನ್ನೂ ಕೊಟ್ಟದ್ದನ್ನೂ ಜೆಸನ್‌ನಲ್ಲಿ ಕಟ್ಟಿ ಕಳಿಸುತ್ತದೆ. ಆಚೆ ಏನಿದೆಯೆಂದು ಪ್ರಾಕ್ಸಿಗೆ ಗೊತ್ತೇ ಇಲ್ಲ! ತಪ್ಪು ಹೆಸರಿಗೆ ಕೆಂಪು ಗೆರೆ ಎಳೆಯುವುದು ಟೈಪು. ಕಂಪೈಲ್ ಆದೊಡನೆ ಅದೂ ಮಾಯ.

ಇದರಲ್ಲೊಂದು ತಮಾಷೆಯಿದೆ. ಈ ಪ್ರಾಕ್ಸಿಯನ್ನೇ ಅವೈಟ್ ಮಾಡಿದರೆ ಜಾವಾಸ್ಕ್ರಿಪ್ಟ್ ಮೊದಲು 'ದೆನ್ ಎಂಬ ಫಂಕ್ಷನ್ ಇದೆಯಾ?' ಅಂತ ವಿಚಾರಿಸುತ್ತದೆ. ಯಾರು ಏನು ಕೇಳಿದರೂ 'ಇದೆ' ಅನ್ನುವ ನಮ್ಮ ಪುಣ್ಯಾತ್ಮ ಅದಕ್ಕೂ ಹೂಂಗುಟ್ಟಿ ಸರ್ವರ್‌ಗೆ ಓಲೆ ಕಳಿಸುತ್ತಾನೆ. ಕಾದು ಕೂತ ಪ್ರೋಗ್ರಾಮು ಕಾಯುತ್ತಲೇ ಇರುತ್ತದೆ. ಆ ಒಂದು ಹೆಸರಿಗೆ ಮಾತ್ರ 'ಇಲ್ಲ' ಅನ್ನುವುದನ್ನು ಕಲಿಸಬೇಕು.

ದೂರದ್ದನ್ನು ಪಕ್ಕದಲ್ಲಿದ್ದಂತೆ ಕರೆಯುವ ಆಸೆ ಹಳೆಯದು. ಝೆರಾಕ್ಸ್‌ನ ಪಾಲೊ ಆಲ್ಟೊ ಕೇಂದ್ರದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984ರ ಪ್ರಬಂಧದಲ್ಲಿ ಬಯಸಿದ್ದು, ದೂರದ ಕರೆ ಆದಷ್ಟೂ ಹತ್ತಿರದ ಕರೆಯಂತೆಯೇ ಇರಲಿ ಎಂದು. ಇಂಥ ಕೋಡನ್ನು ಬರೆದುಕೊಡಲು ಅವರ ಬಳಿ ಲುಪೈನ್ ಎಂಬ ಪ್ರೋಗ್ರಾಮೇ ಇತ್ತು. ಹತ್ತು ವರ್ಷದ ಮೇಲೆ ಸನ್ ಕಂಪನಿಯ ಜಿಮ್ ವಾಲ್ಡೊ ಮತ್ತು ಸಂಗಡಿಗರು ತಕರಾರೆತ್ತಿದರು: ದೂರದ್ದು ದೂರದ್ದೇ, ಅದನ್ನು ಮುಚ್ಚಿಡಬೇಡಿ. ನಾನು ವಾಲ್ಡೊ ಪಕ್ಷ. ಹಂಪಿಯೆದುರು ಹೊಳೆಯಾಚೆಗಿರುವ ವಿರೂಪಾಪುರಗಡ್ಡೆಯಲ್ಲಿ ಯಾರನ್ನು ಕೇಳಿದರೂ ಅವರದೂ ಅದೇ ಪಕ್ಷವಾದೀತು. ವಿರೂಪಾಕ್ಷನ ಗೋಪುರ ಎದುರಿಗೇ ಕಾಣುತ್ತದೆ; ಡ್ಯಾಮಿನಿಂದ ನೀರು ಬಿಟ್ಟು ದೋಣಿ ನಿಂತಿತೋ, ಹಂಪಿಗೆ ಊರೆಲ್ಲ ಸುತ್ತಿಯೇ ಹೋಗಬೇಕು.

ಆದ್ದರಿಂದ ನನ್ನ ಇಂಟರ್‌ಫೇಸ್‌ನಲ್ಲಿ ಬರುವ ಉತ್ತರವೆಲ್ಲ ಪ್ರಾಮಿಸ್, ಅಂದರೆ ಈಗಲ್ಲ, ಆಮೇಲೆ ಬಂದೀತೆಂಬ ಮಾತು. ಜೊತೆಗೆ ಟೈಮ್‌ಔಟ್. ಟೈಮ್‌ಔಟ್ ಆಯಿತೆಂದರೆ ಕೆಲಸ ಆಗಲಿಲ್ಲವೆಂದಲ್ಲ. ಆಯಿತೋ ಇಲ್ಲವೋ ತಿಳಿಯದೆಂದು. 'ದೋಣಿ ಇದೆಯೇ' ಎಂದು ಹತ್ತು ಸಲ ಕೇಳಬಹುದು. 'ಟಿಕೆಟ್ ಕೊಡು' ಎಂದು ಮತ್ತೆ ಕೇಳಿದರೆ ಎರಡು ಟಿಕೆಟ್ಟಿನ ದುಡ್ಡು ಹೋದೀತು. ಅಂಥ ಫಂಕ್ಷನ್ನಿಗೆ ಕೋರಿಕೆಯ ಸಂಖ್ಯೆ ಕಡ್ಡಾಯವೆಂದು ಟೈಪಿನಲ್ಲೇ ಬರೆಯುತ್ತೇನೆ. ಅದನ್ನು ಬಿಟ್ಟರೆ ಕಂಪೈಲರ್ ತಪ್ಪೆಂದು ಹೇಳುತ್ತದೆ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಮೊದಲಿನ ಟಿಕೆಟ್ಟನ್ನೇ ತೋರಿಸುತ್ತದೆ.