ಕೊಬ್ಬರಿ ಕಡಿಮೆಯಾದ ಸಂಕ್ರಾಂತಿ

ಜಾಲಹಳ್ಳಿಯ ಚರಿತ್ರೆ ಹೇಳುವವರೆಲ್ಲ ಕಾರ್ಖಾನೆಯಿಂದಲೇ ಶುರು ಮಾಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೆರೆಯಾಳುಗಳು ಇದ್ದ ಜಾಗ, ಆಮೇಲೆ ವಾಯುಪಡೆ, 1953ರಲ್ಲಿ ಎಚ್‌.ಎಂ.ಟಿ., ಮರುವರ್ಷ ಬಿ.ಇ.ಎಲ್‌., 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಕೈಗಡಿಯಾರ. ಎಲ್ಲ ಸರಿ. ಆದರೆ ಮೊದಲ ಪಾಳಿಗೆ ಓಡುವವನ ಕೈಗೆ ಬುತ್ತಿ ಕೊಟ್ಟು ಕಳಿಸಿದವರು ಯಾರು ಎಂಬ ವಿಚಾರಕ್ಕೆ ಈ ಚರಿತ್ರೆಕಾರರು ಬರುವುದೇ ಇಲ್ಲ.

ನಮ್ಮ ದೊಡ್ಡಮ್ಮ ಅಂಥವಳು. ತುರುವೇಕೆರೆ ಕಡೆಯಿಂದ ಮದುವೆಯಾಗಿ ಎಚ್‌.ಎಂ.ಟಿ. ಕ್ವಾರ್ಟರ್ಸಿಗೆ ಬಂದವಳು, ಮೂರು ಮಕ್ಕಳನ್ನು ಹೆತ್ತು, ಓದಲೆಂದು ಊರಿಂದ ಬಂದ ನನ್ನನ್ನೂ ಸೇರಿಸಿಕೊಂಡು ನಾಲ್ಕು ಮಾಡಿಕೊಂಡಳು. ಎಂಬತ್ತು ದಾಟಿ ಹೋದಳು. ಪತ್ರಿಕೆಯ ಶ್ರದ್ಧಾಂಜಲಿಗೆ ಏನು ಬರೆಸುವುದು ಅಂತ ಮಕ್ಕಳು ಕೂತು ಯೋಚಿಸಿದರೆ ‘ಗೃಹಿಣಿ’ ಎನ್ನುವುದರ ಮುಂದೆ ಹೊಳೆಯಲಿಲ್ಲ. ನನಗೆ ಹೊಳೆದದ್ದು ಮುಷ್ಕರ.

1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ನೌಕರರು ಕೆಲಸ ನಿಲ್ಲಿಸಿದರು. ಎಚ್‌.ಎಂ.ಟಿ., ಬಿ.ಇ.ಎಲ್‌., ಎಚ್‌.ಎ.ಎಲ್‌., ಐ.ಟಿ.ಐ., ಬಿ.ಇ.ಎಂ.ಎಲ್‌. ಎಲ್ಲ ಒಟ್ಟಿಗೆ. ಬಿ.ಎಚ್‌.ಇ.ಎಲ್‌. ನೌಕರರಿಗೆ ಸಿಗುವ ಸಂಬಳ ನಮಗೂ ಸಿಗಬೇಕು ಎನ್ನುವುದು ಬೇಡಿಕೆ. 77 ದಿನ ನಡೆಯಿತು. ದೊಡ್ಡಪ್ಪ ಬೆಳಿಗ್ಗೆ ಗೇಟ್ ಮೀಟಿಂಗಿಗೆ ಹೋಗಿ ಗಂಟಲು ಕಟ್ಟಿಸಿಕೊಂಡು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು. ಊಟ ಇರುತ್ತಿತ್ತು. ಹೇಗೆ ಇರುತ್ತಿತ್ತು ಅಂತ ಅವರು ಕೇಳಿದ್ದನ್ನು ನಾನು ಕಾಣೆ.

ಪುಣ್ಯಕ್ಕೆ ಅದು ಅವರೆಕಾಯಿ ಕಾಲ. ಮಾಗಡಿ ಕಡೆಯ ಸೊಗಡಿನ ಅವರೆ ಅಗ್ಗವಾಗಿತ್ತು. ಅವರೆಕಾಳು ಹುಳಿ, ಅವರೆಕಾಳು ಉಪ್ಪಿಟ್ಟು, ಅವರೆಕಾಳು ಹಾಕಿದ ಅಕ್ಕಿರೊಟ್ಟಿ. ಭಾನುವಾರ ಅಂತ ಗೊತ್ತಾಗಲಿ ಎಂದು ಹಿತಕಿದಬೇಳೆ. ಸಿಪ್ಪೆ ಹಾಲಿನವನ ಹಸುವಿಗೆ ಹೋಗುತ್ತಿತ್ತು, ಅದರ ಬದಲಿಗೆ ಅರ್ಧ ಪಾವು ಹಾಲು ಹೆಚ್ಚು ಬರುತ್ತಿತ್ತು. ದಿನಸಿ ಅಂಗಡಿಯ ಉದ್ದರಿ ಪುಸ್ತಕ ಮಾತ್ರ ದಪ್ಪವಾಗುತ್ತಿತ್ತು: ಕೆಂಪು ರಟ್ಟಿನ ಉದ್ದನೆ ಪುಸ್ತಕ, ಅಂಗಡಿಯವನು ಪೆನ್ಸಿಲ್ಲಿನಲ್ಲಿ ಬರೆದದ್ದರ ಮೇಲೆ ದೊಡ್ಡಮ್ಮ ಮನೆಗೆ ಬಂದು ಇಂಕಿನಲ್ಲಿ ತಿದ್ದುತ್ತಿದ್ದಳು. ಅಳಿಸಿ ಬರೆದರೆ ಗೊತ್ತಾಗಲಿ ಅಂತ. ಕಿವಿಯ ಓಲೆ ಜನವರಿಯಲ್ಲೇ ಗಿರವಿ ಅಂಗಡಿ ಸೇರಿತು. ಬೇವಿನಕಡ್ಡಿ ಸಿಕ್ಕಿಸಿಕೊಂಡು, “ಕಿವಿ ನೋಯ್ತಿತ್ತು ಕಣೋ, ಬಿಚ್ಚಿಟ್ಟಿದೀನಿ” ಎಂದಳು.

ಸಂಕ್ರಾಂತಿ ನಡುವೆಯೇ ಬಂತು. ಎಳ್ಳು ಬೀರದೆ ಇರಲು ಆಗುತ್ತದೆಯೇ? ಆ ವರ್ಷ ಎಳ್ಳುಬೆಲ್ಲದಲ್ಲಿ ಹುರಿಗಡಲೆ ಏರಿತು, ಕೊಬ್ಬರಿ ಇಳಿಯಿತು, ಸಕ್ಕರೆ ಅಚ್ಚು ಕಣ್ಮರೆಯಾಯಿತು. ಬೀದಿಯ ಅಷ್ಟೂ ಮನೆಗಳದ್ದು ಅದೇ ಪಾಕವಿಧಾನವಾದ್ದರಿಂದ ಯಾರಿಗೂ ನಾಚಿಕೆಯಾಗಲಿಲ್ಲ. ಪಕ್ಕದ ಮನೆ ತಮಿಳರ ಅಕ್ಕ ಪೊಂಗಲ್ ಕೊಟ್ಟು ಎಳ್ಳು ಒಯ್ದರು, ಹಿಂದಿನ ಸಾಲಿನ ಕೇರಳದ ಚೇಚಿ ಗೆಣಸು ಬೇಯಿಸಿ ಕಳಿಸಿದರು. ಕಾರ್ಮಿಕರ ಒಗ್ಗಟ್ಟು ಅಂತ ಗೇಟಿನಲ್ಲಿ ಕೂಗುತ್ತಿದ್ದರಲ್ಲ, ಅದು ನಿಜವಾಗಿ ನಡೆದದ್ದು ಹಿತ್ತಿಲ ಬಾಗಿಲಲ್ಲಿ.

ಇದಕ್ಕಿಂತ ಸ್ವಾರಸ್ಯ ಫೆಬ್ರವರಿಯಲ್ಲಿ. 1981ರ ಜನಗಣತಿ ಆ ತಿಂಗಳೇ ನಡೆಯಿತು. ಗಣತಿಯ ಮೇಷ್ಟ್ರು ಬಂದು ಜಗುಲಿಯಲ್ಲಿ ಕೂತರು. ದೊಡ್ಡಪ್ಪನ ಉದ್ಯೋಗ ಕೇಳಿದರು, ಎಚ್‌.ಎಂ.ಟಿ., ಬರೆದುಕೊಂಡರು. ಒಂದೂವರೆ ತಿಂಗಳಿಂದ ಕಾರ್ಖಾನೆಯ ಒಳಗೆ ಕಾಲಿಟ್ಟಿರದ ದೊಡ್ಡಪ್ಪ ದುಡಿಯುವವರ ಪಟ್ಟಿಗೆ ಸೇರಿದರು. “ಅಮ್ಮಾವ್ರು?” ಎಂದರು ಮೇಷ್ಟ್ರು. “ಅವಳೇನಿಲ್ಲ, ಮನೇಲೇ ಇರ್ತಾಳೆ.” ದೊಡ್ಡಮ್ಮ ದುಡಿಯದವರ ಪಟ್ಟಿಗೆ ಸೇರಿದಳು. ಮೇಷ್ಟ್ರದ್ದು ತಪ್ಪಲ್ಲ. ಮನೆಗೆಲಸ ಮಾಡುವವರನ್ನು ಕೆಲಸವಿಲ್ಲದವರ ಸಾಲಿನಲ್ಲಿ ಇಡಬೇಕೆಂಬುದು ಗಣತಿಯ ಕ್ರಮವೇ. ದೊಡ್ಡಮ್ಮ ಒಳಗಿಂದ ಮೇಷ್ಟ್ರಿಗೆ ಕಾಫಿ ತಂದು ಕೊಟ್ಟಳು, ಆ ಕಾಫಿಪುಡಿಯೂ ಉದ್ದರಿಯದೇ.

ಮಾರ್ಚಿನಲ್ಲಿ ಮುಷ್ಕರ ಮುಗಿಯಿತು. ಕೇಳಿದ್ದಷ್ಟೂ ಸಿಗಲಿಲ್ಲ. ಬಾಕಿ ತೀರಿಸುವುದಕ್ಕೆ ವರ್ಷದ ಮೇಲೆ ಹಿಡಿಯಿತು. ತೀರಿದ ದಿನ ದೊಡ್ಡಮ್ಮ ಆ ಕೆಂಪು ಪುಸ್ತಕವನ್ನು ಹಂಡೆ ಒಲೆಗೆ ಹಾಕಿ ಎಲ್ಲರಿಗೂ ನೀರು ಕಾಯಿಸಿದಳು. ಸರ್ಕಾರದ ಬೆಂಬಲವೂ ಸಾಕಾಗದೆ 2016ರಲ್ಲಿ ಕೈಗಡಿಯಾರದ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದಾಗ ಟಿ.ವಿ. ಮುಂದೆ ಕೂತಿದ್ದ ಅವಳು, “ನಾವು ಆವತ್ತೇ ನಡೆಸಿದ್ವಲ್ಲ, ಇವರ ಕೈಲಿ ಆಗಲಿಲ್ವಂತಾ?” ಎಂದಳು. ನಾವು ನಕ್ಕೆವು, ಅವಳು ನಗಲಿಲ್ಲ.

ಜಾಲಹಳ್ಳಿಯಲ್ಲಿ ಈಗ ಎಚ್‌.ಎಂ.ಟಿ.ಯ ಪಾರಂಪರಿಕ ಕೇಂದ್ರವಿದೆ. ಹಳೆಯ ಕೈಗಡಿಯಾರಗಳನ್ನೂ ಯಂತ್ರಗಳನ್ನೂ ಒಪ್ಪವಾಗಿ ಇಟ್ಟಿದ್ದಾರೆ, ನೋಡಿ ಬನ್ನಿ. ಹಾಗೆಯೇ, ನಿಮ್ಮ ಅಟ್ಟದ ಮೇಲೆ ಅಮ್ಮನದೋ ಅಜ್ಜಿಯದೋ 1981ರ ಉದ್ದರಿ ಪುಸ್ತಕ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಆ ಗಡಿಯಾರಗಳ ಪಕ್ಕದಲ್ಲಿ ಅದಕ್ಕೂ ಒಂದು ಜಾಗ ಕೇಳೋಣ.